ಗ್ರೂಮಿಂಗ್

ಇಂಗ್ಲಿಷಿನ ‘ಗ್ರೂಮ್’ ಮೊದಲು ಹುಡುಗ, ಆಮೇಲೆ ಆಳು, ಮುಂದೆ ಕುದುರೆಯ ಮೈ ತಿಕ್ಕಿ ಸಲಹುವ ಲಾಯದ ಕೆಲಸದವ. 19ನೇ ಶತಮಾನದಲ್ಲಿ ಕ್ರಿಯಾಪದವಾಗಿ, ಒಬ್ಬರನ್ನು ಹುದ್ದೆಗೆ ಅಣಿಗೊಳಿಸುವುದಕ್ಕೂ ಬಳಕೆಯಾಯಿತು. ಮಕ್ಕಳ ವಿಶ್ವಾಸ ಗಳಿಸಿ ಲೈಂಗಿಕ ಶೋಷಣೆಗೆ ಒಗ್ಗಿಸುವುದು ಎಂಬ ಅರ್ಥ ಕಳೆದ ಶತಮಾನದ ಕೊನೆಯ ದಶಕಗಳದ್ದು. ಬ್ರಿಟನ್ನಿನ 2003ರ ಲೈಂಗಿಕ ಅಪರಾಧಗಳ ಕಾಯ್ದೆಯಲ್ಲಿ ಈ ಪದವಿದೆ.

ನಮ್ಮ ಪತ್ರಿಕೆಗಳು ‘ಪುಸಲಾಯಿಸಿ’ ಎನ್ನುತ್ತವೆ. ಅದರಲ್ಲಿ ಒಂದು ಗಳಿಗೆಯ ಮರುಳಿದೆ, ತಿಂಗಳುಗಟ್ಟಲೆಯ ತಯಾರಿ ಇಲ್ಲ. ಒಳ್ಳೆಯ ಸಿನಿಮಾಗಳು ತೋರಿಸುವುದು ಆ ತಯಾರಿಯನ್ನೇ. 1961ರ ಲಂಡನ್ನಿನ ಕಥೆ ಹೇಳುವ ‘ಆ್ಯನ್ ಎಜುಕೇಷನ್’ (2009) ಚಿತ್ರದಲ್ಲಿ ಮೋಡಿಗೆ ಬೀಳುವುದು ಹದಿನಾರರ ಹುಡುಗಿಯಷ್ಟೇ ಅಲ್ಲ, ಹೆತ್ತವರೂ.

ಜೆನಿಫರ್ ಫಾಕ್ಸ್ ತಮ್ಮದೇ ಬಾಲ್ಯದಿಂದ ಕಟ್ಟಿದ ‘ದ ಟೇಲ್’ (2018) ಇನ್ನೂ ಆಳಕ್ಕಿಳಿಯುತ್ತದೆ. ಇಲ್ಲಿ ಬಲೆ ಹೆಣೆಯುವವರು ಕುದುರೆ ಸವಾರಿ ಕಲಿಸುವ ಮಹಿಳೆ ಮತ್ತು ಓಟದ ತರಬೇತುದಾರ. ಅವರ ಹತ್ಯಾರು ಬೆದರಿಕೆಯಲ್ಲ, ಹೊಗಳಿಕೆ. ಮನೆಯಲ್ಲಿ ಸಿಗದ ಗಮನ. ನಡುವಯಸ್ಸಿನ ನಾಯಕಿ ಆಗಿನ ತನ್ನನ್ನು ಬೆಳೆದ ಹುಡುಗಿಯೆಂದೇ ನೆನೆಯುತ್ತಿರುತ್ತಾಳೆ. ತಾಯಿ ಹಳೆಯ ಫೋಟೊ ತೋರಿಸಿದಾಗ ಅಲ್ಲಿರುವುದು ಎಳೆಯ ಮಗು. ಅದೇ ದೃಶ್ಯಗಳು ಬೇರೆ ಬಾಲನಟಿಯೊಂದಿಗೆ ಮರಳುತ್ತವೆ. ಸಂತ್ರಸ್ತೆ ಶೋಷಣೆಯನ್ನು ಪ್ರೇಮವೆಂದೇ ಏಕೆ ನಂಬಿದಳು ಎಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿದ ಚಿತ್ರಗಳು ವಿರಳ. ಶೋಷಣೆಯ ದೃಶ್ಯಗಳಿಗೆ ವಯಸ್ಕ ಡ್ಯೂಪ್ ಬಳಸಿದ್ದನ್ನೂ ಚಿತ್ರವೇ ತಿಳಿಸುತ್ತದೆ.