ಧಾರವಾಡ ಸೀಮೆಯ ಅರಳೆಯೂ ಯುದ್ಧಕಾಲದ ಸ್ತ್ರೀದುಡಿಮೆಯೂ

ಯುದ್ಧಸಾಮಗ್ರಿಯ ಸಿದ್ಧತೆಯಲ್ಲಿ ಸ್ತ್ರೀಯರ ಪಾಲು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸೂತ್ರಾಧ್ಯಕ್ಷನ ಅಧಿಕಾರಕ್ಕೆ ನೂಲು, ವಸ್ತ್ರ, ಹಗ್ಗಗಳೊಡನೆ ಕವಚವೂ ಸೇರಿದೆ. ನೂಲುವ ಕೆಲಸವನ್ನು ವಿಧವೆಯರು, ಅಂಗವಿಕಲೆಯರು ಮೊದಲಾದವರಿಂದ ಮಾಡಿಸತಕ್ಕದ್ದೆಂದು ವಿಧಿಸಿದೆ. ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಗ್ರೆಟ್ನಾ ಕಾರ್ಖಾನೆಯ ಸಾವಿರಾರು ಹೆಂಗಸರು ಹತ್ತಿಯನ್ನು ಆಮ್ಲದಲ್ಲಿ ಸಂಸ್ಕರಿಸಿ ತೋಪಿನ ಮದ್ದನ್ನು ಮಾಡಿದರು. ಅದಕ್ಕೆ ಅರ್ಧ ಶತಮಾನದ ಹಿಂದೆ ನಮ್ಮ ಸೀಮೆಯ ಹೆಣ್ಣುಮಕ್ಕಳ ದುಡಿಮೆಯಿಂದ ಹೊರಟುದು ಮದ್ದಲ್ಲ, ಅರಳೆ. ಆದರೆ ಅದನ್ನು ಬೇಡಿದುದು ಯುದ್ಧವೇ.

1861ರಲ್ಲಿ ಅಮೇರಿಕೆಯ ಅಂತರ್ಯುದ್ಧವು ಮೊದಲಾಗಿ ದಕ್ಷಿಣದ ಬಂದರುಗಳಿಗೆ ದಿಗ್ಬಂಧನವುಂಟಾಯಿತು. ಲ್ಯಾಂಕಶೈರಿನ ಗಿರಣಿಗಳು ಹತ್ತಿಯಿಲ್ಲದೆ ನಿಂತುವು. 1864ರ ಹೊತ್ತಿಗೆ ಲಿವರ್‌ಪೂಲಿನಲ್ಲಿ ಹತ್ತಿಯ ಬೆಲೆಯು 1860ರ ಬೆಲೆಯ ಮೂರು ಪಟ್ಟನ್ನು ಮೀರಿತು. ನವಲಗುಂದ, ಅಣ್ಣಿಗೇರಿ, ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಕುಂದಗೋಳ, ಇವುಗಳ ಎರೆಭೂಮಿಯ ಮೇಲೆ ವ್ಯಾಪಾರಿಗಳ ದೃಷ್ಟಿ ಬಿದ್ದಿತು.

ಇಲ್ಲಿ ಬೆಳೆಯುತ್ತಿದ್ದ ಹತ್ತಿ ಎರಡು ಬಗೆಯದು. 1840ರ ದಶಕದಿಂದ ಹಬ್ಬಿದ ಅಮೇರಿಕನ್ ಹತ್ತಿಯನ್ನು ಗರಗಸದ ಜಿನ್ನುಗಳು ಬಿಡಿಸುತ್ತಿದ್ದುವು. ಅವುಗಳಿಗಾಗಿ ಧಾರವಾಡದಲ್ಲಿ ಸರಕಾರಿ ಕಾರ್ಖಾನೆಯೂ ಇದ್ದಿತು. ಜವಾರಿ ಹತ್ತಿಗೆ ಆ ಯಂತ್ರವು ಒಗ್ಗಲಿಲ್ಲ. ಅದರ ಕಾಳು ಎಳೆಯನ್ನು ಬಿಗಿಯಾಗಿ ಹಿಡಿದಿರುವುದು. ಗರಗಸವು ಎಳೆಯನ್ನೇ ಕತ್ತರಿಸುವುದು. ಆದುದರಿಂದ ಈ ಕೆಲಸವು ಹೆಂಗಸರ ಪಾದಗಳಿಗೇ ಉಳಿಯಿತು. ಚಪ್ಪಟೆಯಾದ ಕಲ್ಲಿನ ಮೇಲೆ ಕಬ್ಬಿಣದ ಸಲಾಕೆಯನ್ನಿಟ್ಟು, ತಗ್ಗಾದ ಮಣೆಯ ಮೇಲೆ ಕುಳಿತು, ಪಾದಗಳಿಗೆ ಮರದ ಅಟ್ಟೆಗಳನ್ನು ಕಟ್ಟಿಕೊಂಡು ಸಲಾಕೆಯನ್ನು ಹಿಂದುಮುಂದಾಗಿ ಉರುಳಿಸುತ್ತ, ಕೈಯಿಂದ ಹತ್ತಿಯನ್ನು ಒಡ್ಡುವರು. ಎಳೆಯು ಮುಂದೆ ಸರಿಯುವುದು, ಕಾಳು ಹಿಂದೆ ಉಳಿಯುವುದು. ದಿನವೆಲ್ಲ ದುಡಿದರೂ ದೊರೆಯುವ ಅರಳೆ ಸ್ವಲ್ಪವೇ. ಮುಂಬಯಿಯ ಒಂದು ಖಂಡಿ ಎಂದರೆ 784 ಪೌಂಡು. ಅದು ಎಷ್ಟು ಪಾದಗಳ ಎಷ್ಟು ದಿನಗಳ ಶ್ರಮವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಈ ಅರಳೆಯು ಎತ್ತಿನ ಬಂಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆಯಲ್ಲಿ ಹಡಗನ್ನೇರುತ್ತಿದ್ದಿತು. ಇದರಿಂದಲೇ ಪೇಟೆಗಳಲ್ಲಿ ಅದಕ್ಕೆ 'ಕುಮಟಾ' ಎಂಬ ಹೆಸರು ನಿಂತಿತು. ಬೆಳೆದ ನೆಲದ ಹೆಸರಾಗಲಿ, ಬಿಡಿಸಿದವರ ಹೆಸರಾಗಲಿ ಅದಕ್ಕೆ ಬರಲಿಲ್ಲ. ಸಾಗಿಸಿದ ಬಂದರಿನ ಹೆಸರೇ ಬಂದಿತು. 1863ರಲ್ಲಿ ಮುಂಬಯಿ ಸರಕಾರವು ಹತ್ತಿಯ ಬೆರಕೆಯನ್ನು ತಡೆಯಲು ಕಾಯಿದೆ ಮಾಡಿತು. ಅದು ಅಂಡಿಗೆಯೊಳಗಿನ ಕಸವನ್ನು ವಿಚಾರಿಸಿತೇ ಹೊರತು ಕಸವನ್ನು ತೆಗೆದವರನ್ನು ವಿಚಾರಿಸಲಿಲ್ಲ.

1865ರಲ್ಲಿ ಯುದ್ಧವು ಮುಗಿದೊಡನೆ ಬೆಲೆಯು ಕುಸಿಯಿತು. ಮುಂದೆ ಉಗಿಯ ಜಿನ್ನುಗಳು ಬಂದು ಕಾಲಿನ ಸಲಾಕೆಯು ಮೂಲೆಗೆ ಬಿದ್ದಿತು; ಆ ಜಿನ್ನುಗಳಲ್ಲಿಯೂ ಹತ್ತಿಯನ್ನು ಒಡ್ಡಲು ಹೆಂಗಸರೇ ನಿಂತರು. ಬೆಲೆ, ಎಕರೆ, ಅಧಿಕಾರಿಗಳ ಹೆಸರು, ಇವು ದಫ್ತರಗಳಲ್ಲಿ ಉಳಿದಿವೆ. ಸವೆದ ಕಲ್ಲುಗಳೂ ಮುದುಕಿಯರ ನೆನಪುಗಳೂ ಹಳ್ಳಿಗಳಲ್ಲಿ ಉಳಿದಿದ್ದರೆ ಸಂಶೋಧಕರು ಅವನ್ನು ತಡವಿಲ್ಲದೆ ಸಂಗ್ರಹಿಸಬೇಕು. ಅವನ್ನು ಬಿಟ್ಟು ಬರೆದ ಹತ್ತಿಯ ಚರಿತ್ರೆಯು ಅರ್ಧ ಚರಿತ್ರೆಯೇ ಸರಿ.