ನಿದ್ರಾಹೀನತೆ: ಬೈರಮಂಗಲ ಸೀಮೆಯನ್ನು ಮುಂದಿಟ್ಟುಕೊಂಡು

ನಿದ್ರಾಹೀನತೆ ಎಂದರೆ ಮಲಗಲು ಹೊತ್ತು, ಜಾಗ ಎರಡೂ ಇದ್ದು ನಿದ್ದೆ ಹತ್ತದಿರುವುದು. ಹತ್ತಿದರೂ ನಡುರಾತ್ರಿ ಹರಿದುಹೋಗುವುದು. ಇಲ್ಲವೇ ಕೋಳಿ ಕೂಗುವುದಕ್ಕೆ ಬಹಳ ಮುಂಚೆ ಎಚ್ಚರವಾಗಿ ಮತ್ತೆ ರೆಪ್ಪೆ ಕೂಡದಿರುವುದು. ಇದರಿಂದ ಮಾರನೆಯ ಹಗಲೂ ಕೆಡಬೇಕು. ಹಗಲು ಕೆಡದಿದ್ದರೆ ಅದನ್ನು ಕಾಯಿಲೆ ಎನ್ನುವುದಿಲ್ಲ. ವಾರಕ್ಕೆ 3 ರಾತ್ರಿಯಾದರೂ ಹೀಗಾಗುತ್ತ 3 ತಿಂಗಳು ದಾಟಿದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದಲ್ಲಿ ಇದು ಬಹುಕಾಲ ಮನೋರೋಗ, ನರರೋಗಗಳ ನಡುವೆ ಹಂಚಿಹೋಗಿತ್ತು. 2022ರಲ್ಲಿ ಜಾರಿಗೆ ಬಂದ 11ನೆಯ ಆವೃತ್ತಿಯಲ್ಲಿ ನಿದ್ದೆ ಎಚ್ಚರಗಳ ತೊಂದರೆಗೇ ಒಂದು ಅಧ್ಯಾಯ ಸಿಕ್ಕಿತು.

ಆಡುಮಾತಿನ ಕನ್ನಡ ಇಲ್ಲಿ ವೈದ್ಯರಿಗಿಂತ ಮುಂಚೆಯೇ ಒಂದು ಗೆರೆ ಎಳೆದಿಟ್ಟಿದೆ. ‘ರಾತ್ರಿಯೆಲ್ಲ ನಿದ್ದೆಗೆಟ್ಟೆ’ ಎನ್ನುವುದು ಒಂದು, ‘ರಾತ್ರಿಯೆಲ್ಲ ನಿದ್ದೆ ಬರಲಿಲ್ಲ’ ಎನ್ನುವುದು ಇನ್ನೊಂದು. ಶಿವರಾತ್ರಿಯ ಜಾಗರಣೆಯವರು, ರಾಮನಗರದ ಚಾಮುಂಡೇಶ್ವರಿ ಕರಗದ ಹಿಂದೆ ಬೆಳತನಕ ತಿರುಗಿದವರು ನಿದ್ದೆಗೆಟ್ಟವರು. ಅವರನ್ನು ಮಲಗಲು ಬಿಟ್ಟರೆ ಹಾಸಿಗೆಯೂ ಬೇಕಿಲ್ಲ. ನಿದ್ದೆ ಬಾರದವರನ್ನು ಮೆತ್ತನೆಯ ಹಾಸಿಗೆಗೆ ಹಾಕಿದರೂ ಮಗ್ಗುಲು ಬದಲಿಸುತ್ತ ಬೆಳಗು ಮಾಡುತ್ತಾರೆ. ಮೊದಲಿನವರಿಗೆ ಬೇಕಾದದ್ದು ಬಿಡುವು. ಎರಡನೆಯವರಿಗೆ ಬಿಡುವು ಕೊಟ್ಟಷ್ಟೂ ತೊಂದರೆ ಬಲಿಯುತ್ತದೆ. ಈ ವ್ಯತ್ಯಾಸ ತಿಳಿಯದೆ ಮಾಡಿಕೊಂಡ ಉಪಚಾರವೇ ಎಷ್ಟೋ ಮನೆಗಳಲ್ಲಿ ಕಾಯಿಲೆಯನ್ನು ನೆಲೆಗೊಳಿಸಿದೆ.

ನಿದ್ದೆಗೆಡುವ ಸೀಮೆ

ಬೈರಮಂಗಲ ರಾಮನಗರ ತಾಲ್ಲೂಕಿನ ಬಿಡದಿ ಹೋಬಳಿಯ ಊರು. ಬೆಂಗಳೂರಿನ ಕೊಳಚೆ ಹೊತ್ತು ಬರುವ ವೃಷಭಾವತಿ ಇಲ್ಲಿನ ಕೆರೆಗೆ ಸೇರುತ್ತದೆ. 1940ರ ದಶಕದಲ್ಲಿ ನೀರಾವರಿಗೆಂದು ಕಟ್ಟಿದ ಜಲಾಶಯ ಇದು. ಈಗ ನೊರೆಗೆ, ನಾತಕ್ಕೆ ಹೆಸರಾಗಿದೆ. ಇಂಥ ಕೊಳಕು ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಜಾತಿಯ ಸೊಳ್ಳೆ ಕಚ್ಚುವುದೇ ರಾತ್ರಿ ಹೊತ್ತು. ಕೆರೆಯಂಚಿನ ಮನೆಗಳ ಮಟ್ಟಿಗೆ ಸೊಳ್ಳೆಪರದೆಯೇ ಮೊದಲ ನಿದ್ದೆಮದ್ದು ಎಂದರೆ ಅತಿಶಯವಲ್ಲ.

ಸುತ್ತಲ ಸೀಮೆಯ ಕಸುಬುಗಳೂ ರಾತ್ರಿಯನ್ನು ಕೇಳುವಂಥವು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ರಾತ್ರಿಯೇ ನೀರು ಕಟ್ಟಬೇಕು. ಕನಕಪುರ, ಚನ್ನಪಟ್ಟಣ ತಾಲ್ಲೂಕುಗಳ ಕಾಡಂಚಿನಲ್ಲಿ ಆನೆ ಬರುತ್ತದೆಂದು ಬೆಳೆ ಕಾಯುತ್ತಾರೆ. ಬಿಡದಿ ಕೈಗಾರಿಕಾ ಪ್ರದೇಶದಲ್ಲಿ 1990ರ ದಶಕದ ಕೊನೆಯಿಂದ ವಾಹನ ಕಾರ್ಖಾನೆಗಳು ನೆಲೆಯೂರಿದ ಮೇಲೆ ಪಾಳಿ ಕೆಲಸ ಹಳ್ಳಿಮನೆಗಳೊಳಗೂ ಬಂತು.

ಇವೆಲ್ಲಕ್ಕಿಂತ ಹಳೆಯದು ರೇಷ್ಮೆ. ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುನ್ನ ತಲೆಯೆತ್ತಿಕೊಂಡು ಅಲುಗದೆ ಕೂರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ರೈತರು ಇದಕ್ಕೆ ‘ಜ್ವರ’ ಎನ್ನುತ್ತಾರೆ: ಒಂದನೇ ಜ್ವರ, ಎರಡನೇ ಜ್ವರ ಎಂದು ಲೆಕ್ಕ. ಹುಳು ಜ್ವರಕ್ಕೆ ಕೂತಾಗ ಸುಮಾರು ಒಂದು ಹಗಲು ಒಂದು ರಾತ್ರಿ ಸೊಪ್ಪು ಹಾಕುವಂತಿಲ್ಲ. ಮನೆಯವರೂ ಅಂದು ಕಾಲು ಚಾಚಿ ಮಲಗುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದ ಕತೆಯೇ ಬೇರೆ. ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚನ್ನು ಈಗಲೇ ಮುಗಿಸುತ್ತದೆ. ಕತ್ತಲಲ್ಲಿ ಹುಳುಮನೆಯ ಬಾಗಿಲಿಗೆ ಕಿವಿಯಿಟ್ಟರೆ ಒಳಗೆ ಸೋನೆ ಹಿಡಿದ ಸದ್ದು. ಕೊನೆಗೆ ಹುಳು ಹಣ್ಣಾಗಿ ನೂಲು ಬಿಡಲು ಸಿದ್ಧವಾದಾಗ ಆರಿಸಿ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅದು ಸಿಕ್ಕಲ್ಲಿ ನೂಲು ಬಿಟ್ಟು ಗೂಡು ಕೆಡುತ್ತದೆ. ಆಮೇಲೆ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ಹರಾಜು. ಅಲ್ಲಿ ಸಿಗುವ ದರದ ಯೋಚನೆಗೆ ಇನ್ನೊಂದು ರಾತ್ರಿ.

ಇವರೆಲ್ಲ ನಿದ್ದೆಗೆಟ್ಟವರೇ ಹೊರತು ನಿದ್ರಾಹೀನರಲ್ಲ. ಆದರೆ ಒಂದರಿಂದ ಇನ್ನೊಂದಕ್ಕೆ ದಾರಿ ಇದೆ.

ಕೆಟ್ಟ ನಿದ್ದೆ ಬಾರದ ನಿದ್ದೆಯಾಗುವುದು

ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ 1987ರಲ್ಲಿ ಈ ದಾರಿಯನ್ನು ಮೂರು ಬಗೆಯ ಕಾರಣಗಳಲ್ಲಿ ವಿವರಿಸಿದರು. ಮೊದಲನೆಯದು ಹುಟ್ಟಿನಿಂದ ಬಂದ ಗುಣ: ಸದ್ದಿಗೆ ಬೆಚ್ಚುವ ಕೋಳಿನಿದ್ದೆ, ಸಣ್ಣದಕ್ಕೂ ಕಳವಳಪಡುವ ಮನಸ್ಸು. ಎರಡನೆಯದು ನೆಪ: ಸಾವು, ಸಾಲ, ಹೆರಿಗೆ, ಕಾಯಿಲೆ, ಕೈಕೊಟ್ಟ ಬೆಳೆ. ಬಿಡದಿ ಉಪನಗರ ಯೋಜನೆಯ ಭೂಸ್ವಾಧೀನದ ನೋಟಿಸು ಬಂದ ಮನೆಯಲ್ಲಿ ಬೇರೆ ನೆಪ ಹುಡುಕಬೇಕಿಲ್ಲ. ಮೂರನೆಯದು ಬೇರೂರಿಸುವ ಕಾರಣ. ಗುಟ್ಟು ಇರುವುದು ಇಲ್ಲಿ, ಏಕೆಂದರೆ ನೆಪ ಕಳೆದ ಮೇಲೂ ನಿದ್ದೆ ಬಾರದಂತೆ ನೋಡಿಕೊಳ್ಳುವುದು ಇದೇ. ನಿನ್ನೆ ನಿದ್ದೆ ಇಲ್ಲವೆಂದು ಇವತ್ತು ಎಂಟಕ್ಕೇ ಮಲಗುವುದು, ಮಧ್ಯಾಹ್ನ ಎರಡು ತಾಸು ಒರಗುವುದು, ಬೆಳಿಗ್ಗೆ ತಡವಾಗಿ ಏಳುವುದು, ನಿದ್ದೆ ಬರಲೆಂದು ಕುಡಿಯುವುದು, ಗಡಿಯಾರ ನೋಡುವುದು. ಒಂದೊಂದೂ ನ್ಯಾಯವಾಗಿಯೇ ಕಾಣುತ್ತದೆ, ಒಂದೊಂದೂ ಹಾಸಿಗೆಯನ್ನು ಒದ್ದಾಟದ ಅಂಗಳ ಮಾಡುತ್ತದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಅರ್ಧ ನಿಜ. ಗದ್ದಲಕ್ಕಿಂತ ಒಳಗಿನ ಎಚ್ಚರವೇ ದೊಡ್ಡ ಶತ್ರು ಎನ್ನುವಲ್ಲಿ ಗಾದೆಗೆ ಪೂರ್ತಿ ಅಂಕ. ಆದರೆ ದೀರ್ಘಕಾಲದ ನಿದ್ರಾಹೀನತೆಯಲ್ಲಿ ಮೂಲ ಚಿಂತೆ ತೀರಿರಬಹುದು. ಉಳಿದಿರುವುದು ನಿದ್ದೆಯದೇ ಚಿಂತೆ.

ನಿದ್ದೆ ಬರುವ ಬಗೆ

1982ರಲ್ಲಿ ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೋರ್ಬೆಲಿ ಕೊಟ್ಟ ವಿವರಣೆ ಇಂದಿಗೂ ಬಳಕೆಯಲ್ಲಿದೆ. ಎಚ್ಚರವಿದ್ದಷ್ಟು ಹೊತ್ತೂ ಮೆದುಳಿನಲ್ಲಿ ನಿದ್ದೆಯ ಒತ್ತಡ ಹಸಿವಿನಂತೆ ಏರುತ್ತದೆ. ಹಗಲಿನ ಒರಗು ಊಟಕ್ಕೆ ಮುಂಚಿನ ತಿಂಡಿಯಂತೆ ಆ ಹಸಿವನ್ನು ಕೊಲ್ಲುತ್ತದೆ. ಇದರ ಜೊತೆಗೆ ಬೆಳಕು ಕತ್ತಲೆಗೆ ಹೊಂದಿಕೊಂಡ ಮೈಯೊಳಗಿನ ಗಡಿಯಾರವೊಂದಿದೆ. ಎರಡೂ ಕೂಡಿದಾಗ ನಿದ್ದೆ. ಕಾಫಿ, ಟೀ ಒತ್ತಡವನ್ನು ಇಳಿಸುವುದಿಲ್ಲ, ಮೆದುಳಿಗೆ ತಿಳಿಯದಂತೆ ಮರೆಮಾಚುತ್ತವೆ. ಮೈಯಲ್ಲಿ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 6ಕ್ಕೆ ಬಿಡದಿ ಸರ್ಕಲ್ಲಿನಲ್ಲಿ ಕುಡಿದ ಸ್ಟ್ರಾಂಗ್ ಕಾಫಿಯ ಅರ್ಧ ಪಾಲು ರಾತ್ರಿ 11ಕ್ಕೂ ಒಳಗೇ ಇರುತ್ತದೆ.

ಹಾಸಿಗೆಯ ಪಾಠ

ಅಮೆರಿಕದ ವೈದ್ಯರ ಕಾಲೇಜು 2016ರಲ್ಲಿ ಹೊರಡಿಸಿದ ಮಾರ್ಗಸೂಚಿ ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ವರ್ತನಾ ಚಿಕಿತ್ಸೆಯನ್ನು ಸೂಚಿಸುತ್ತದೆ. ಅದರ ಜೀವಾಳ ಎರಡು ಉಪಾಯ.

ಒಂದನ್ನು ರಿಚರ್ಡ್ ಬೂಟ್ಸಿನ್ 1972ರಲ್ಲಿ ರೂಪಿಸಿದರು. ನಿದ್ದೆ ತೂಗಿದಾಗ ಮಾತ್ರ ಮಲಗಬೇಕು. ಸುಮಾರು 20 ನಿಮಿಷ ಕಳೆದರೂ ಹತ್ತದಿದ್ದರೆ ಎದ್ದು ಬರಬೇಕು. ಮತ್ತೆ ತೂಕಡಿಕೆ ಬಂದ ಮೇಲೆಯೇ ಹಾಸಿಗೆಗೆ ಹೋಗಬೇಕು. ಎಷ್ಟೇ ಹೊತ್ತಿಗೆ ಮಲಗಿರಲಿ, ಏಳುವ ಹೊತ್ತು ಒಂದೇ ಇರಬೇಕು. ಈ 20 ನಿಮಿಷ ಅಂದಾಜಿನ ಮಾತು, ಗಡಿಯಾರ ನೋಡಿ ಅಳೆಯುವುದಲ್ಲ. ಪುಸ್ತಕಗಳು ‘ಬೇರೆ ಕೋಣೆಗೆ ಹೋಗಿ’ ಎನ್ನುತ್ತವೆ. ಮನೆಮಂದಿಯೆಲ್ಲ ಒಂದೇ ನಡುಮನೆಯಲ್ಲಿ ಸಾಲಾಗಿ ಚಾಪೆ ಹಾಸುವಲ್ಲಿ ಬೇರೆ ಕೋಣೆ ಎಲ್ಲಿಯದು? ಜಗಲಿ ಸಾಕು. ದೊಡ್ಡ ದೀಪ ಹಾಕದೆ, ಮೊಬೈಲ್ ಮುಟ್ಟದೆ ಕಂಬಕ್ಕೊರಗಿ ಕೂರುವುದು, ಅವರೆಕಾಯಿ ಸುಲಿಯುವುದು, ಏನಾದರೂ ಬೇಸರ ತರಿಸುವ ಕೆಲಸ.

ಇನ್ನೊಂದು ಸ್ಪೀಲ್ಮನ್ನರದು, ಕೇಳಿದೊಡನೆ ತಲೆತಿರುಕತನ ಅನ್ನಿಸುವಂಥದು: ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿಮೆ ಮಾಡುವುದು. ಒಬ್ಬರು ರಾತ್ರಿ 10ಕ್ಕೆ ಮಲಗಿ 6ಕ್ಕೆ ಏಳುತ್ತಾರೆ, ನಿಜವಾಗಿ ನಿದ್ದೆ ಮಾಡುವುದು ಐದೂವರೆ ಗಂಟೆ ಎಂದುಕೊಳ್ಳಿ. ಎರಡೂವರೆ ಗಂಟೆ ಬರೀ ಹೊರಳಾಟ. ಅವರು ಏಳುವ ಹೊತ್ತನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಹಳ್ಳಿಯಲ್ಲಿ ಇದನ್ನು ಗೊತ್ತುಮಾಡುವುದು ಕಷ್ಟವಲ್ಲ: ಹಾಲಿನ ಡೇರಿ ಯಾರ ನಿದ್ದೆಗೂ ಕಾಯುವುದಿಲ್ಲ, ಹಸು ಕರೆಯಲು ಐದೂವರೆಗೆ ಏಳಲೇಬೇಕು. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಮಲಗುವ ಹೊತ್ತು ನಡುರಾತ್ರಿ 12. ಅದಕ್ಕೆ ಮುಂಚೆ ಕಣ್ಣು ಎಳೆದರೂ ಕೂತೇ ಇರಬೇಕು. ಮೊದಲ ವಾರ ಹಿಂಸೆ. ಹಾಸಿಗೆಯಲ್ಲಿ ಕಳೆದ ಹೊತ್ತಿನಲ್ಲಿ ನೂರಕ್ಕೆ 85ರಷ್ಟು ನಿದ್ದೆಯಾಗತೊಡಗಿದರೆ ಮುಂದಿನ ವಾರ 15 ನಿಮಿಷ ಮುಂಚೆ ಮಲಗಬಹುದು. ಹೀಗೆ ಹಂತಹಂತವಾಗಿ ಹಿಗ್ಗಿಸುತ್ತಾರೆ. 5 ಗಂಟೆಗಿಂತ ಕಡಿಮೆಗೆ ಇಳಿಸುವುದಿಲ್ಲ. ಮೂರ್ಛೆರೋಗ ಇರುವವರು, ಉನ್ಮಾದ ಖಿನ್ನತೆಗಳ ನಡುವೆ ತೂಗಾಡುವ ಮನೋರೋಗದವರು ಇದನ್ನು ತಾವಾಗಿ ಮಾಡಕೂಡದು. ಲಾರಿ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರೂ ವೈದ್ಯರನ್ನು ಕೇಳಿಯೇ ಮಾಡಬೇಕು.

ಉಳಿದವು ಸಣ್ಣ ಉಪಾಯಗಳು. ಚಿಂತೆಗೆ ಸಂಜೆಯೇ ಅರ್ಧ ಗಂಟೆ ಮೀಸಲಿಟ್ಟು ಸಂಘದ ಕಂತು, ಮಗಳ ಫೀಸು, ಕೆಟ್ಟ ಮೋಟಾರು ಎಲ್ಲವನ್ನೂ ಚೀಟಿಯಲ್ಲಿ ಬರೆದು ಮಡಿಸಿಡುವುದು ಒಂದು. ಎಡ್ಮಂಡ್ ಜೇಕಬ್‌ಸನ್ ಕಲಿಸಿದಂತೆ ಪಾದದಿಂದ ನೆತ್ತಿಯವರೆಗೆ ಸ್ನಾಯುಗಳನ್ನು ಬಿಗಿದು ಸಡಿಲಿಸುವುದು ಇನ್ನೊಂದು. ಕತ್ತಲಲ್ಲಿ ಕಣ್ಣು ತೆರೆದು ‘ನಿದ್ದೆ ಮಾಡುವುದಿಲ್ಲ, ನೋಡೋಣ’ ಎಂದು ಎದುರು ಪಟ್ಟು ಹಿಡಿಯುವುದು ಕೆಲವರಿಗೆ ಫಲ ಕೊಟ್ಟಿದೆ. ಬರಿಸಬೇಕೆಂಬ ಹಟ ಬಿಟ್ಟಾಗಲೇ ನಿದ್ದೆ ಬರುವುದು.

ಯೋಗದ ವಿಷಯದಲ್ಲಿ ಬೆಂಗಳೂರಿನದೇ ಒಂದು ಅಧ್ಯಯನವಿದೆ. 2005ರಲ್ಲಿ ಎನ್. ಕೆ. ಮಂಜುನಾಥ್ ಮತ್ತು ಶರ್ಲಿ ಟೆಲ್ಲಿಸ್ ವೃದ್ಧಾಶ್ರಮವಾಸಿಗಳಾದ 69 ಹಿರಿಯರನ್ನು 6 ತಿಂಗಳು ಗಮನಿಸಿ ಪ್ರಕಟಿಸಿದ್ದು. ಯೋಗ ಮಾಡಿದ ಗುಂಪಿನವರಿಗೆ ಸುಮಾರು 10 ನಿಮಿಷ ಬೇಗ ನಿದ್ದೆ ಹತ್ತಿತು, ಒಟ್ಟು ನಿದ್ದೆ ಸುಮಾರು ಒಂದು ಗಂಟೆ ಹೆಚ್ಚಿತು. ಇದು ಅವರೇ ಹೇಳಿಕೊಂಡ ಲೆಕ್ಕ, ಯಂತ್ರ ಅಳೆದದ್ದಲ್ಲ.

ಮನೆಮದ್ದು

ಚರಕಸಂಹಿತೆ ಆಹಾರ, ನಿದ್ರೆ, ಬ್ರಹ್ಮಚರ್ಯ ಮೂರನ್ನು ದೇಹದ ಉಪಸ್ತಂಭಗಳೆಂದು ಕರೆಯುತ್ತದೆ. ನಿದ್ದೆ ತರುವವುಗಳಲ್ಲಿ ಎಣ್ಣೆ ನೀವುವುದು, ಸ್ನಾನ, ಎಮ್ಮೆಯ ಹಾಲು, ಮೊಸರನ್ನ, ಮನಸ್ಸಿನ ನೆಮ್ಮದಿಗಳನ್ನು ಎಣಿಸುತ್ತದೆ. ಹಳೇ ಮೈಸೂರಿನ ಮನೆಗಳಲ್ಲಿ ನೆತ್ತಿಗೆ, ಅಂಗಾಲಿಗೆ ಹರಳೆಣ್ಣೆ ತಿಕ್ಕುವುದು ಇದರದೇ ಮುಂದುವರಿಕೆ. ಮಲಗುವ ಒಂದೆರಡು ತಾಸು ಮುಂಚಿನ ಬಿಸಿನೀರಿನ ಸ್ನಾನಕ್ಕೆ ಇಂದಿನ ಸಂಶೋಧನೆಯ ಬೆಂಬಲವೂ ಇದೆ: ಚರ್ಮದತ್ತ ರಕ್ತ ಹರಿದು ಒಡಲಿನ ಬಿಸಿ ಇಳಿಯುತ್ತದೆ, ಇಳಿಯುವ ಬಿಸಿ ನಿದ್ದೆಗೆ ಒತ್ತಾಸೆ. ಉತ್ತರಕ್ಕೆ ತಲೆ ಹಾಕಬಾರದೆಂಬುದಕ್ಕೆ ಅಂಥ ಆಧಾರವಿಲ್ಲ. ಹಾಕದಿದ್ದರೆ ನಷ್ಟವೂ ಇಲ್ಲ.

ಗಸಗಸೆ ಪಾಯಸದ ಮಾತು ಬೇರೆ. ಹಬ್ಬದೂಟದ ನಂತರ ಎಲೆಯ ಮುಂದೆಯೇ ತೂಕಡಿಸುವವರನ್ನು ಕಂಡವರು ಯಾರೂ ಅದರ ಗುಣವನ್ನು ಅಲ್ಲಗಳೆಯಲಾರರು. ಬೀಜ ಅಫೀಮಿನ ಗಿಡದ್ದು. ಅದರಲ್ಲಿ ಮಾರ್ಫಿನ್‌ನ ಅಂಶ ತೀರಾ ಅಲ್ಪ. ಬೆಲ್ಲ, ತೆಂಗಿನಹಾಲು, ಹೊಟ್ಟೆ ಬಿರಿಯುವ ಊಟದ ಪಾಲೂ ಇರಬೇಕು. ದುಬೈಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ಗಸಗಸೆ ಇಡಬಾರದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಅದು ನಿಷಿದ್ಧ ವಸ್ತು. ಹಾಲಿಗೆ ತೇದು ಹಾಕುವ ಜಾಯಿಕಾಯಿ ಮಿತಿ ಮೀರಿದರೆ ವಿಷ, ಮಗುವಿಗಂತೂ ಬೇಡ.

ಮಾತ್ರೆ, ಮದ್ಯ, ಬೇರೆ ಕಾಯಿಲೆ

ಕ್ವಾರ್ಟರ್ ಹಾಕಿದರೆ ನಿದ್ದೆ ಬೇಗ ಹತ್ತುತ್ತದೆ, ನಿಜ. ಮದ್ಯ ಮೈಯಿಂದ ಇಳಿಯುತ್ತಿದ್ದಂತೆ ನಡುರಾತ್ರಿ ಎಚ್ಚರ, ಬೆವರು, ಎದೆಬಡಿತ. ಅಲ್ಪ್ರಜೋಲಾಂ, ಜೋಲ್ಪಿಡೆಮ್‌ನಂಥ ನಿದ್ದೆಮಾತ್ರೆಗಳು 2014ರಿಂದ ‘ಎಚ್1’ ಪಟ್ಟಿಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಅಂಗಡಿಯವರು ಲೆಕ್ಕವನ್ನು 3 ವರ್ಷ ಇಡಬೇಕು. ಕೆಲವು ದಿನಗಳ ಆಘಾತಕ್ಕೆ ಇವು ಸರಿ. ತಿಂಗಳುಗಟ್ಟಲೆ ನುಂಗಿ ಒಮ್ಮೆಲೇ ನಿಲ್ಲಿಸಿದರೆ ನಿದ್ದೆ ಮೊದಲಿಗಿಂತ ಕೆಡುತ್ತದೆ, ಫಿಟ್ಸ್ ಕೂಡ ಬರಬಹುದು. ವೈದ್ಯರ ಕಣ್ಣಮುಂದೆ ನಿಧಾನವಾಗಿಯೇ ಬಿಡಬೇಕು.

ನಿದ್ದೆ ಬಾರದಿರುವುದು ಬೇರೊಂದು ಕಾಯಿಲೆಯ ಮುಖವೂ ಆಗಿರುತ್ತದೆ. ಗಟ್ಟಿ ಗೊರಕೆ, ನಡುವೆ ಉಸಿರು ಕಟ್ಟುವುದು ಒಂದು ಬಗೆ. ಮಲಗಿದೊಡನೆ ಕಾಲಿನಲ್ಲಿ ಹರಿದಾಡಿದಂತಾಗಿ ಆಡಿಸಲೇಬೇಕು ಅನ್ನಿಸಿದರೆ ರಕ್ತದ ಕಬ್ಬಿಣದ ಅಂಶ ನೋಡಿಸಬೇಕು. ನಸುಕಿನ ಮೂರಕ್ಕೇ ಎಚ್ಚರವಾಗಿ ಬದುಕೇ ಬೇಡವೆನಿಸುವುದು ಖಿನ್ನತೆಯ ಗುರುತು. ಇದನ್ನು ಸಹಿಸಿಕೊಂಡು ಕೂರಬಾರದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್; ನಿದ್ದೆಯ ತೊಂದರೆಗಳ ತಪಾಸಣೆ, ಸಂಶೋಧನೆಗಳೂ ಅಲ್ಲಿ ನಡೆಯುತ್ತವೆ.

ಪಾಳಿಯವರಿಗೆ

ಆನೆ ಕಾಯುವವರಿಗೆ, ಹಣ್ಣುಹುಳು ಆರಿಸುವವರಿಗೆ ಮೇಲಿನ ಹಾಸಿಗೆಯ ಪಾಠ ಒಪ್ಪುವುದಿಲ್ಲ. ಅವರು ಹಗಲಲ್ಲೇ ನಿದ್ದೆಯ ಸಾಲ ತೀರಿಸಬೇಕು. ಕಾವಲನ್ನು ಸರದಿಯಲ್ಲಿ ಹಂಚಿಕೊಳ್ಳುವುದು, ಕೆಲಸಕ್ಕೆ ಮುಂಚೆ ಒಂದಿಷ್ಟು ಒರಗುವುದು, ನಡುವೆ ಸಿಕ್ಕಿದ 20 ನಿಮಿಷದ ಜೋಂಪನ್ನು ಬಿಡದಿರುವುದು ಒಳ್ಳೆಯದು. ರಾತ್ರಿಪಾಳಿ ಮುಗಿಸಿ ಬಂದವರು ಕಿಟಕಿಗೆ ದಪ್ಪ ಕಂಬಳಿ ಇಳಿಬಿಟ್ಟು, ಫೋನು ಮನೆಯವರ ಕೈಗೆ ಕೊಟ್ಟು ಮಲಗಬೇಕು. ‘ಅಣ್ಣ ಮಲಗವ್ನೆ, ಆಮೇಲ್ ಬನ್ನಿ’ ಎಂದು ಬಾಗಿಲಲ್ಲಿ ಹೇಳುವವರೊಬ್ಬರು ಇರಬೇಕು. ಮನೆಗೆ ಮರಳುವಾಗ ಕಾರ್ಖಾನೆಯ ಬಸ್ಸೇ ಲೇಸು. ನಿದ್ದೆಗಣ್ಣಿನಲ್ಲಿ ಮೈಸೂರು ರಸ್ತೆಗೆ ಬೈಕು ಇಳಿಸುವುದಕ್ಕಿಂತ ಗೇಟಿನ ಬಳಿಯೇ ಕಾಲು ಗಂಟೆ ಒರಗಿ ಹೊರಡಬಹುದು.