ಶಾಲೆಯ ದಾಖಲಾತಿ ಪುಸ್ತಕ ಮತ್ತು ನೇಣುಗಂಬ

2023ರ ಮಾರ್ಚ್ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಗಲ್ಲುಶಿಕ್ಷೆಗೆ ಗುರಿಯಾಗಿದ್ದ ಕೈದಿಯೊಬ್ಬನನ್ನು ಬಿಡುಗಡೆ ಮಾಡುವಂತೆ ಆದೇಶಿಸಿತು. 1994ರಲ್ಲಿ ಪುಣೆಯಲ್ಲಿ ಮಕ್ಕಳೂ ಸೇರಿ ಏಳು ಮಂದಿ ಕೊಲೆಯಾದ ಪ್ರಕರಣವದು. 1998ರಲ್ಲಿ ಕೆಳ ನ್ಯಾಯಾಲಯ ಮರಣದಂಡನೆ ವಿಧಿಸಿತ್ತು. 2000ದಲ್ಲಿ ಸುಪ್ರೀಂ ಕೋರ್ಟೇ ಅದನ್ನು ಎತ್ತಿಹಿಡಿದಿತ್ತು. ಈಗ ಅವನನ್ನು ಬಿಡಿಸಿದ್ದು ಕ್ಷಮಾದಾನವಲ್ಲ, ರಾಜಸ್ಥಾನದ ಹಳ್ಳಿಶಾಲೆಯೊಂದರ ದಾಖಲಾತಿ ಪುಸ್ತಕ. ಅದರ ಪ್ರಕಾರ, ಕೊಲೆ ನಡೆದ ದಿನ ಅವನಿಗೆ ಹನ್ನೆರಡೂವರೆ ವರ್ಷ. ಅಷ್ಟು ಹೊತ್ತಿಗೆ ಅವನು ಇಪ್ಪತ್ತೆಂಟು ವರ್ಷಗಳನ್ನು ಜೈಲಿನಲ್ಲಿ ಕಳೆದಾಗಿತ್ತು.

ಹಾಗಾದರೆ 1994ರಲ್ಲಿ ಮಕ್ಕಳಿಗೆಂದು ಬೇರೆ ಕಾನೂನು ಇರಲಿಲ್ಲವೇ? ಇತ್ತು. ಅದರ ಬೇರು ಬಹಳ ಹಿಂದಕ್ಕೆ ಹೋಗುತ್ತದೆ.

ಸಣ್ಣಪುಟ್ಟ ಅಪರಾಧ ಮಾಡಿದ ಬಡ ಮಕ್ಕಳನ್ನು ಜೈಲಿಗೆ ಹಾಕುವ ಬದಲು ಕಸುಬು ಕಲಿಯಲು ಹಚ್ಚುವ ಅವಕಾಶವನ್ನು 1850ರ ಅಪ್ರೆಂಟಿಸ್ ಕಾಯ್ದೆ ಕೊಟ್ಟಿತು. 1860ರ ದಂಡ ಸಂಹಿತೆ, ಏಳು ವರ್ಷದೊಳಗಿನ ಮಗು ಮಾಡಿದ್ದು ಅಪರಾಧವೇ ಅಲ್ಲ ಎಂದಿತು. ಏಳರಿಂದ ಹನ್ನೆರಡರವರೆಗಿನ ಮಗುವಿಗೆ ತನ್ನ ಕೃತ್ಯದ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿತ್ತೇ ಎಂದು ನೋಡಬೇಕೆಂದಿತು. 1876ರಲ್ಲಿ ಸುಧಾರಣಾ ಶಾಲೆಗಳ ಕಾಯ್ದೆ ಬಂತು. 1919–20ರ ಜೈಲು ಸಮಿತಿಯು ಮಕ್ಕಳ ವಿಚಾರಣೆಯೇ ಬೇರೆಯಾಗಿರಬೇಕೆಂದು ಹೇಳಿತು; ಮದ್ರಾಸ್ ಪ್ರಾಂತ್ಯ 1920ರಲ್ಲಿ, ಬಂಗಾಳ 1922ರಲ್ಲಿ, ಬೊಂಬಾಯಿ 1924ರಲ್ಲಿ ಮಕ್ಕಳ ಕಾಯ್ದೆ ತಂದವು. ನಮ್ಮ ಮೈಸೂರು ರಾಜ್ಯದ ಕಾಯ್ದೆ 1964ರದು. ರಾಜ್ಯಕ್ಕೊಂದು ಎಂಬಂತಿದ್ದ ಈ ಕಾನೂನುಗಳ ಜಾಗಕ್ಕೆ 1986ರಲ್ಲಿ ಬಾಲ ನ್ಯಾಯ ಕಾಯ್ದೆ ಬಂತು. ಹದಿನಾರು ತುಂಬದ ಹುಡುಗನಿಗೆ, ಹದಿನೆಂಟು ತುಂಬದ ಹುಡುಗಿಗೆ ಮರಣದಂಡನೆ ಕೂಡದೆಂದು ಅದು ಸ್ಪಷ್ಟವಾಗಿ ಹೇಳಿತ್ತು. ಪುಣೆಯ ಪ್ರಕರಣ ನಡೆದಾಗ ಜಾರಿಯಲ್ಲಿದ್ದುದು ಇದೇ ಕಾಯ್ದೆ.

ಕಾಯ್ದೆ ಗೆರೆಯನ್ನೇನೋ ಎಳೆದಿತ್ತು. ಆದರೆ ಆ ಗೆರೆಯ ಯಾವ ಬದಿಯಲ್ಲಿ ತಾನಿದ್ದೇನೆಂದು ತೋರಿಸಬೇಕಾದವನು ಆರೋಪಿಯೇ. ಊರು ಬಿಟ್ಟು ದುಡಿಯಲು ಬಂದ ಹುಡುಗನ ಹತ್ತಿರ ಜನನ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಪೊಲೀಸರು ಬರೆದುಕೊಂಡ ವಯಸ್ಸೇ ಮುಂದೆ ಪ್ರತಿ ಕಡತಕ್ಕೂ ದಾಟುತ್ತಾ ಹೋಗುತ್ತದೆ.

2000ದ ಹೊಸ ಕಾಯ್ದೆ ಹುಡುಗರಿಗೂ ಗೆರೆಯನ್ನು ಹದಿನೆಂಟಕ್ಕೆ ಏರಿಸಿತು. ಆದರೆ ವಯಸ್ಸನ್ನು ಯಾವ ದಿನಕ್ಕೆ ಲೆಕ್ಕ ಹಾಕಬೇಕು? ನ್ಯಾಯಾಲಯದ ಮುಂದೆ ಹಾಜರುಪಡಿಸಿದ ದಿನಕ್ಕೆ ಎಂದು ಅದೇ ವರ್ಷ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಗಾದರೆ ಹುಡುಗನನ್ನು ತಡವಾಗಿ ಹಿಡಿದರೆ ಅವನು ಮಗುವಾಗಿ ಉಳಿಯುವುದಿಲ್ಲ. 2005ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಇದನ್ನು ತಿದ್ದಿ, ಅಪರಾಧ ನಡೆದ ದಿನವೇ ಲೆಕ್ಕಕ್ಕೆ ಎಂದಿತು. 2006ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: ತೀರ್ಪು ಅಂತಿಮವಾದ ಮೇಲೂ, ಯಾವ ನ್ಯಾಯಾಲಯದಲ್ಲಾದರೂ ವಯಸ್ಸಿನ ಪ್ರಶ್ನೆ ಎತ್ತಬಹುದು. ಆ ಕೈದಿಯ ಅರ್ಜಿಗೆ ದಾರಿಯಾದದ್ದು ಇದೇ.

ದೆಹಲಿಯಲ್ಲಿ 2012ರಲ್ಲಿ ನಡೆದ ಅತ್ಯಾಚಾರದ ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ದೇಶದ ಸಿಟ್ಟು ಕಾನೂನಿನ ಮೇಲೂ ತಿರುಗಿತು. 2015ರ ಕಾಯ್ದೆಯ ಪ್ರಕಾರ, ಹದಿನಾರರಿಂದ ಹದಿನೆಂಟರೊಳಗಿನವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಬಾಲ ನ್ಯಾಯ ಮಂಡಳಿ ಅವರ ಮಾನಸಿಕ ಸಾಮರ್ಥ್ಯವನ್ನು ಅಳೆಯುತ್ತದೆ. ವಯಸ್ಕರಂತೆ ವಿಚಾರಣೆಯೂ ನಡೆಯಬಹುದು. ಬುದ್ಧಿ ಬಲಿತಿತ್ತೇ ಎಂಬ 1860ರ ಪ್ರಶ್ನೆ ದೊಡ್ಡ ಮಕ್ಕಳಿಗೆ ಮರಳಿ ಬಂದಂತಾಯಿತು. ಆದರೂ ಮರಣದಂಡನೆಯ ನಿಷೇಧ ಹಾಗೇ ಉಳಿದಿದೆ.

ಪುಣೆಯಲ್ಲಿ ಸತ್ತವರ ಮನೆಯವರಿಗೆ ಈ ಇತಿಹಾಸ ಸಮಾಧಾನ ತರಲಾರದು. ಹನ್ನೆರಡೂವರೆ ವರ್ಷದವನಿಂದ ಇಂಥ ಕೃತ್ಯ ಸಾಧ್ಯವೇ ಎಂಬ ಆಘಾತ ನ್ಯಾಯಪೀಠಕ್ಕೂ ಇತ್ತು; ಆದರೆ ಆ ಆಘಾತ ದಾಖಲೆಯನ್ನು ಅಳಿಸಲಾರದು ಎಂದೇ ಅದು ತೀರ್ಮಾನಿಸಿತು. ಆ ವಯಸ್ಸಿನ ಬಾಲಾಪರಾಧಿಗೆ ಕಾನೂನು ಕೊಡಬಹುದಾದ ಗರಿಷ್ಠ ಅವಧಿ ಮೂರು ವರ್ಷ. ಅವನು ಹೊರಬಂದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಆ ಪುಸ್ತಕ ಅಷ್ಟು ವರ್ಷವೂ ಅವನ ಊರಿನ ಶಾಲೆಯಲ್ಲೇ ಇತ್ತು.